ಸಕ್ಕಾರಾದಲ್ಲಿ ಒಂದು ಊರೂ ಇದೆ ಸ್ವಾಮಿ

ಈಜಿಪ್ಟ್ ಪ್ಯಾಕೇಜುಗಳ ಮೇಲೆ ನನ್ನದೊಂದು ತಕರಾರಿದೆ. ಗೀಜಾಕ್ಕೆ ಅರ್ಧ ದಿನ, ಮ್ಯೂಸಿಯಮ್ಮಿಗೆ ಅರ್ಧ ದಿನ, ಹಳೇ ಗೋರಿಗಳ ಬಯಲಾದ ಸಕ್ಕಾರಾಕ್ಕೆ ಮಾತ್ರ ‘ಟೈಮ್ ಉಳಿದರೆ ಒಂದು ಗಂಟೆ’. ಆ ಒಂದು ಗಂಟೆಯಲ್ಲೂ ಬಸ್ಸು ಊರನ್ನು ದಾಟಿಕೊಂಡು ಸೀದಾ ಮರಳಿನ ಮೇಲೆ ಹೋಗಿ ನಿಲ್ಲುತ್ತದೆ. ಎಲ್ಲರೂ ಇಳಿಯುತ್ತಾರೆ, ಮೆಟ್ಟಿಲು ಪಿರಮಿಡ್ಡಿನ ಮುಂದೆ ಸೆಲ್ಫಿ ತೆಗೆಯುತ್ತಾರೆ, ಊಟಕ್ಕೆ ಕೈರೋಗೆ ವಾಪಸ್. ಅಲ್ಲಿ ಜೀರಾ ರೈಸು, ದಾಲು ಕಾಯುತ್ತಿರುತ್ತದೆ ನೋಡಿ.

ಊರು ನೋಡದೆ ಸಕ್ಕಾರಾದ ಗೋರಿಗಳನ್ನು ನೋಡಿದರೆ ಅರ್ಧ ನೋಡಿದ ಹಾಗೆ. ಯಾಕೆ ಅಂತ ಹೇಳುತ್ತೇನೆ.

ಕೈರೋದಿಂದ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು. ದಾರಿಯುದ್ದಕ್ಕೂ ಕಾಲುವೆ, ಬರ್ಸೀಮ್ ಮೇವಿನ ಗದ್ದೆ, ಖರ್ಜೂರದ ತೋಪು, ಕತ್ತೆಗಾಡಿ. ಮನೆಗಳು ಕೆಂಪು ಇಟ್ಟಿಗೆಯವು. ಮುಂದೆ ಯಾವಾಗಲೋ ಕಟ್ಟುವ ಮಹಡಿಗೆ ಅಂತ ತಾರಸಿಯ ಮೇಲೆ ಕಬ್ಬಿಣದ ಸರಳು ಹಾಗೇ ಬಿಟ್ಟಿರುತ್ತಾರೆ, ಥೇಟ್ ನಮ್ಮ ಕಡೆಯಂತೆ. ಊರು ಮುಗಿದ ತಕ್ಷಣ ಹಸಿರೂ ಮುಗಿಯುತ್ತದೆ. ನಿಧಾನಕ್ಕೆ ಅಲ್ಲ, ಒಂದೇ ಸಲ. ಒಂದು ಕಾಲು ಗದ್ದೆಯ ಬದುವಿನಲ್ಲಿ, ಇನ್ನೊಂದು ಮರಳುಗಾಡಿನಲ್ಲಿ ಇಟ್ಟು ನಿಲ್ಲಬಹುದು. ನೀರು ಹಾಯುವ ನೆಲ ಅನ್ನಕ್ಕೆ, ಒಣ ನೆಲ ಹೆಣಕ್ಕೆ. ಹಳೆಯ ಈಜಿಪ್ಟಿನವರ ಈ ಲೆಕ್ಕಾಚಾರ ಅಲ್ಲಿ ನಿಂತರೆ ಯಾರೂ ವಿವರಿಸದೆ ತಿಳಿಯುತ್ತದೆ. ಈಗ ಮಾತ್ರ ಮನೆಗಳು ಆ ಗದ್ದೆಯನ್ನೇ ತಿನ್ನುತ್ತಿವೆ.

ಪಕ್ಕದ ಮಿತ್ ರಹೀನಾ ಇರುವುದು ಹಳೆಯ ರಾಜಧಾನಿ ಮೆಂಫಿಸ್ ಇದ್ದ ಜಾಗದಲ್ಲಿ. ಕಾಲು ಮುರಿದು ಅಂಗಾತ ಮಲಗಿರುವ ದೊರೆ ಎರಡನೇ ರಾಮ್ಸೆಸನ ದೊಡ್ಡ ಸುಣ್ಣಕಲ್ಲಿನ ಮೂರ್ತಿ, ಒಂದು ಸ್ಫಿಂಕ್ಸ್, ಒಂದಿಷ್ಟು ಕಲ್ಲು, ಇಷ್ಟೇ ಉಳಿದಿರುವುದು. ಜನ ಬದುಕಿದ್ದ ಮನೆಗಳು ಹಸಿ ಇಟ್ಟಿಗೆಯವು. ಮಣ್ಣು ಮಣ್ಣಿಗೆ ಸೇರಿತು. ಈಜಿಪ್ಟಿನ ಎಷ್ಟೋ ಹಳೇ ದಿಬ್ಬಗಳ ಹಾಗೆ ಇಲ್ಲಿನ ಮಣ್ಣನ್ನೂ ರೈತರು ಅಗೆದು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಅಂದರೆ ಬದುಕಿದ್ದವರ ಊರು ಹೋಯಿತು, ಸತ್ತವರ ಊರು ಉಳಿಯಿತು. ಆ ಬದುಕು ಹೇಗಿತ್ತು ಅಂತ ನೋಡಬೇಕಾದರೆ ಗೋರಿಯ ಗೋಡೆಗೇ ಹೋಗಬೇಕು.

ಜೋಸರ್ ಎಂಬ ದೊರೆಯ ಮೆಟ್ಟಿಲು ಪಿರಮಿಡ್ಡು ಗೀಜಾದ ದೊಡ್ಡ ಪಿರಮಿಡ್ಡಿಗಿಂತ ಸುಮಾರು ನೂರು ವರ್ಷ ಹಳೆಯದು. ಆರು ಹಂತ, ಅರವತ್ತು ಮೀಟರಿಗೂ ಜಾಸ್ತಿ ಎತ್ತರ. ಹದಿನಾಲ್ಕು ವರ್ಷದ ರಿಪೇರಿ ಮುಗಿಸಿ 2020ರ ಮಾರ್ಚ್‌ನಲ್ಲಿ ಮತ್ತೆ ತೆರೆದರು, ಸರಿಯಾಗಿ ಕೊರೊನಾ ಹೊತ್ತಿಗೆ. ಎಲ್ಲರ ಕ್ಯಾಮೆರಾ ಅದರ ಮೇಲೆಯೇ. ನನ್ನ ಮಾತು ಕೇಳಿ, ಒಳಗೆ ಹೋಗುವ ಬಾಗಿಲ ಹಜಾರದಲ್ಲಿ ತಲೆ ಎತ್ತಿ ನೋಡಿ. ಕಲ್ಲಿನ ಚಾವಣಿಯನ್ನು ಮರದ ದಿಮ್ಮಿ ಸಾಲಾಗಿ ಜೋಡಿಸಿದಂತೆ ಕೆತ್ತಿದ್ದಾರೆ. ಕಂಬಗಳು ಜೊಂಡಿನ ಕಟ್ಟಿನಂತಿವೆ. ಕಲ್ಲಿನಲ್ಲಿ ಕಟ್ಟುವುದು ಆಗ ಹೊಸ ವಿದ್ಯೆ, ಹಾಗಾಗಿ ಗೊತ್ತಿದ್ದ ಮರ, ಜೊಂಡುಗಳ ಆಕಾರವನ್ನೇ ಕಲ್ಲಿಗೂ ಕೊಟ್ಟರು. ಖರ್ಜೂರದ ದಿಮ್ಮಿ ಹಾಕಿದ ಚಾವಣಿ ಕೆಳಗಿನ ಊರಿನ ದನದ ಕೊಟ್ಟಿಗೆಯಲ್ಲಿ ಈಗಲೂ ಕಾಣಸಿಗುತ್ತದೆ. ಚೂರುಚೂರಾಗಿ ಬಿದ್ದಿದ್ದ ಆ ಹಜಾರವನ್ನು ಮತ್ತೆ ಜೋಡಿಸಿದ್ದು ಝಾನ್ ಫಿಲಿಪ್ ಲವೇರ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ. 1926ರಲ್ಲಿ ಬಂದ ಪುಣ್ಯಾತ್ಮ, 2001ರಲ್ಲಿ ಸಾಯುವ ತನಕ ಸಕ್ಕಾರಾದ ನಂಟು ಬಿಡಲಿಲ್ಲ.

ಆಮೇಲೆ ಅಧಿಕಾರಿಗಳ ಗೋರಿಗಳು. ತೀ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ ದನಗಳು ನೀರು ದಾಟುತ್ತಿವೆ. ಮುಂದೆ ಒಬ್ಬ ಎಳೇ ಕರುವನ್ನು ಬೆನ್ನ ಮೇಲೆ ಹೊತ್ತಿದ್ದಾನೆ. ಕರು ಹೆದರಿ ಹಿಂದಕ್ಕೆ ಕತ್ತು ತಿರುಗಿಸಿದೆ, ತಾಯಿ ಮುಂದಕ್ಕೆ ಕತ್ತು ಚಾಚಿದೆ. ಕರು ಮುಂದೆ ಹೋದರೆ ತಾಯಿ ತಾನೇ ಬರುತ್ತದೆ, ತಾಯಿಯ ಹಿಂದೆ ಮಂದೆ ಬರುತ್ತದೆ. ದನ ಕಾದವರಿಗೆ ಇದನ್ನು ಗೈಡ್ ಹೇಳಬೇಕಾಗಿಲ್ಲ. ಕಾಗೆಮ್ನಿಯ ಗೋರಿಯಲ್ಲಿ ಹಸುವಿನ ಹಿಂಗಾಲು ಕಟ್ಟಿ ಹಾಲು ಕರೆಯುತ್ತಿದ್ದಾರೆ. 4300 ವರ್ಷ ಆಯಿತು, ಒದೆಯುವ ಹಸುವಿಗೆ ಬೇರೆ ಉಪಾಯ ಯಾರಿಗೂ ಹೊಳೆದಿಲ್ಲ!

ಎಲ್ಲವೂ ಇಷ್ಟು ಚಂದ ಅಂತ ತಿಳಿಯಬೇಡಿ. ಪಕ್ಕದ ಮೆರೆರುಕ ದೊಡ್ಡ ಮಂತ್ರಿ. ಮೂವತ್ತಕ್ಕೂ ಹೆಚ್ಚು ಕೋಣೆಗಳ ಗೋರಿ ಅವನದು. ಅಲ್ಲೊಂದು ಗೋಡೆಯಲ್ಲಿ ಕಂದಾಯ ಬಾಕಿ ಇಟ್ಟ ಊರಗೌಡರನ್ನು ಎಳೆದು ತಂದಿದ್ದಾರೆ. ಒಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದಾರೆ, ಗುಮಾಸ್ತರು ಕೂತು ಲೆಕ್ಕ ಬರೆಯುತ್ತಿದ್ದಾರೆ. ಇಂಥದ್ದನ್ನು ತನ್ನ ಗೋರಿಯ ಅಲಂಕಾರಕ್ಕೆ ಹಾಕಿಸಿಕೊಂಡ ಅಂದರೆ ಆ ಮನುಷ್ಯನ ಧೈರ್ಯ ನೋಡಿ. ನನಗಂತೂ ಇಡೀ ಸಕ್ಕಾರಾದಲ್ಲಿ ಜಾಸ್ತಿ ಹೊತ್ತು ನಿಲ್ಲಿಸಿದ್ದು ಇದೇ ಗೋಡೆ.

ಬಕ್ಷೀಸಿನ ವಿಷಯ ಬಂದೇ ಬರುತ್ತದೆ. ಗೋರಿಯ ಕಾವಲುಗಾರ ಟಾರ್ಚು ಹಿಡಿದು ಹಿಂದೆ ಬರುತ್ತಾನೆ, ಮೂಲೆಯ ಚಿತ್ರ ತೋರಿಸುತ್ತಾನೆ, ಕೈ ಚಾಚುತ್ತಾನೆ. ‘ಈಜಿಪ್ಟಿನವರು ದುಡ್ಡು ಕೀಳುತ್ತಾರೆ’ ಅಂತ ನಮ್ಮವರು ಬರೆದ ಪೋಸ್ಟುಗಳು ಸಾಕಷ್ಟಿವೆ. ಸ್ವಲ್ಪ ತಾಳಿ. 2024ರ ಮಾರ್ಚ್‌ನಲ್ಲಿ ಒಂದೇ ದಿನದಲ್ಲಿ ಡಾಲರಿಗೆ 31 ಈಜಿಪ್ಟ್ ಪೌಂಡ್ ಇದ್ದದ್ದು 50ರ ಹತ್ತಿರ ಹೋಯಿತು. ಆ ಕಾವಲುಗಾರನ ಸಂಬಳ ಪೌಂಡಿನಲ್ಲಿ. ಟಿಕೆಟ್ಟಿನ ದುಡ್ಡು ಸರ್ಕಾರಕ್ಕೆ, ಹೋಟೆಲು, ಬಸ್ಸು, ಊಟ ಎಲ್ಲವೂ ಕೈರೋಗೆ. ಕಾರ್ಪೆಟ್ ಅಂಗಡಿಗೆ ನಮ್ಮನ್ನು ಇಳಿಸಿದ್ದಕ್ಕೆ ಡ್ರೈವರನಿಗೆ ಕಮಿಷನ್. ಪಿರಮಿಡ್ಡಿನ ಕೆಳಗೆ ಹುಟ್ಟಿ ಬೆಳೆದವನಿಗೆ ನೇರವಾಗಿ ಸಿಗುವುದು ಆ ಚಿಲ್ಲರೆ. ಕೊಡಿ. ಹಗ್ಗ ದಾಟಿಸಿ ಗೋಡೆ ಮುಟ್ಟಿಸುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ. ಅದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಅದಕ್ಕಿಂತ ಒಳ್ಳೆಯದು, ಊರಲ್ಲಿ ಖರ್ಚು ಮಾಡಿ. ಕೈರೋದಿಂದ ಟ್ಯಾಕ್ಸಿ ಮಾಡಿಕೊಂಡು ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೆ ಹೋಗಿ, ಬಸ್ಸುಗಳು ಬರುವ ಮುಂಚೆ ಗೋರಿ ಮುಗಿಸಿ, ಆಮೇಲೆ ಊರೊಳಗೆ ಇಳಿಯಿರಿ. ಗಾಡಿಯಲ್ಲಿ ಫೂಲ್ ಸಿಗುತ್ತದೆ. ದೊಡ್ಡ ಅವರೆಯಂಥ ಕಾಳನ್ನು ರಾತ್ರಿಯಿಡೀ ಬೇಯಿಸಿ, ಎಣ್ಣೆ, ನಿಂಬೆಹುಳಿ, ಜೀರಿಗೆ ಹಾಕಿ ಕೊಡುತ್ತಾರೆ. ಜೊತೆಗೆ ಬಿಸಿ ರೊಟ್ಟಿ, ತಾಮಿಯಾ ಅನ್ನುವ ಕಾಳಿನ ವಡೆ. ಸಸ್ಯಾಹಾರಿಗಳು ಜೀರಾ ರೈಸ್ ಹುಡುಕಿಕೊಂಡು ಕೈರೋವರೆಗೆ ಓಡುವ ಅಗತ್ಯವೇ ಇಲ್ಲ.

ಊರಲ್ಲಿ ಓಡಾಡಲು ಆಟೋ ಇದೆ. ಅದೂ ನಮ್ಮ ಬಜಾಜೇ. ಮೀಟರ್ ಗೀಟರ್ ಏನಿಲ್ಲ, ಹತ್ತುವ ಮುಂಚೆ ರೇಟು ಮಾತಾಡಿಕೊಳ್ಳಿ. ಬೆಂಗಳೂರಿನವರಿಗೆ ಅದನ್ನೇನು ಹೇಳಿಕೊಡಬೇಕಾ?