ಕಿನ್‌ಬಾಲ್ ಎರಡು ತಂಡಗಳ ಆಟವಲ್ಲ: ಒಂದು ಸ್ಪಷ್ಟನೆ

ಕಿನ್‌ಬಾಲ್ ಎಂದರೆ ವಾಲಿಬಾಲ್‌ನಂತೆ ಎರಡು ತಂಡಗಳು ದೊಡ್ಡ ಬಲೂನನ್ನು ಅತ್ತಿತ್ತ ತಳ್ಳುವ ಆಟ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ, ಅದು ತಪ್ಪು. ಕೆನಡಾದ ಕ್ವಿಬೆಕ್‌ನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಮಾರಿಯೋ ಡೆಮರ್ಸ್ 1986ರಲ್ಲಿ ರೂಪಿಸಿದ ಈ ಆಟದಲ್ಲಿ ತಲಾ ನಾಲ್ವರ ಮೂರು ತಂಡಗಳು ಒಂದೇ ಅಂಕಣದಲ್ಲಿ ಆಡುತ್ತವೆ. ನಡುವೆ ಬಲೆಯಿಲ್ಲ. 1.22 ಮೀಟರ್ ವ್ಯಾಸದ, ಸುಮಾರು 1 ಕಿಲೋ ತೂಕದ ಚೆಂಡನ್ನು ಮೂವರು ಬಾಗಿ ಎತ್ತಿ ಹಿಡಿದಿರುವಾಗ, ತಂಡದವರೊಬ್ಬರು ‘ಓಮ್ನಿಕಿನ್’ ಎಂದು ಕೂಗಿ ಎದುರಾಳಿ ತಂಡವೊಂದರ ಬಣ್ಣವನ್ನು ಹೆಸರಿಸಿದ ಬಳಿಕವೇ ನಾಲ್ಕನೆಯವರು ಹೊಡೆಯಬೇಕು. ಹೆಸರಿಸಲಾದ ತಂಡವು ಚೆಂಡು ನೆಲ ಮುಟ್ಟುವ ಮೊದಲೇ ಅದನ್ನು ಹಿಡಿಯದಿದ್ದರೆ ಉಳಿದೆರಡೂ ತಂಡಗಳಿಗೆ ತಲಾ ಒಂದು ಅಂಕ ದೊರೆಯುತ್ತದೆ. ಆಟದ ಜೀವಾಳವೇ ಈ ನಿಯಮವಾದ್ದರಿಂದ, ಮಕ್ಕಳಿಗೆ ಕಲಿಸುವವರು ದಯವಿಟ್ಟು ಮೂರನೆಯ ತಂಡವನ್ನು ಕೈಬಿಡಬಾರದು.