ಓದಿಗೆ ಮನೆ ಮಾಡೋದು, ನ್ಯೂಜೆರ್ಸಿಯಲ್ಲಿ

ನನ್ನ ಹೆಂಡತಿಯ ತಮ್ಮನನ್ನು ಕಂಪನಿಯವರು ನಾವಿರುವ ಅಮೆರಿಕದ ನ್ಯೂಜೆರ್ಸಿಗೆ ಕಳಿಸುತ್ತಿದ್ದಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ದೊಡ್ಡವಳು ನಾಲ್ಕನೇ ಕ್ಲಾಸು, ಚಿಕ್ಕವನಿಗೆ ಈಗ ತಾನೇ ಮೂರು ತುಂಬಿದೆ. ಒಂದು ತಿಂಗಳಿಂದ ದಿನಾ ಫೋನು, ಕೇಳುವುದು ಮಾತ್ರ ಒಂದೇ. "ಭಾವ, ಯಾವ ಸ್ಕೂಲು ಒಳ್ಳೇದು?"

"ಸ್ಕೂಲು ಇರಲಿ ಕಣೋ, ಯಾವ ಮನೆ ಅಂತ ಕೇಳು" ಅಂದರೆ ಅವನಿಗೆ ತಲೆಗೆ ಹೋಗುವುದಿಲ್ಲ.

ಅವನದೂ ತಪ್ಪಲ್ಲ. ಬೆಂಗಳೂರಿನಲ್ಲಿ ನಾವು ಮೊದಲು ಸ್ಕೂಲು ಹಿಡಿಯುತ್ತೇವೆ. ಅರ್ಜಿ, ಇಂಟರ್‌ವ್ಯೂ, ಡೊನೇಷನ್ನು ಎಲ್ಲ ಮುಗಿದು ಸೀಟು ಸಿಕ್ಕ ಮೇಲೆ ಹತ್ತಿರದಲ್ಲೊಂದು ಮನೆ. ಹತ್ತಿರ ಸಿಗದಿದ್ದರೆ ಮಗು ಬೆಳಿಗ್ಗೆ ಆರೂವರೆಗೆ ವ್ಯಾನು ಹತ್ತುತ್ತದೆ. ವಿಳಾಸ ನೋಡಿ ಸೀಟು ಕೊಡುವ ದಾರಿ ನಮ್ಮಲ್ಲೂ ಒಂದಿತ್ತು, ಆರ್‌ಟಿಇ. ಖಾಸಗಿ ಶಾಲೆಯ ಶೇ. 25 ಸೀಟು ಆಸುಪಾಸಿನ ಬಡ ಮಕ್ಕಳಿಗೆ. 2019ರಲ್ಲಿ ಕರ್ನಾಟಕದಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ.

ಇಲ್ಲಿ ಎಲ್ಲಾ ಉಲ್ಟಾ. ಸರ್ಕಾರಿ ಶಾಲೆಯಲ್ಲಿ ಹನ್ನೆರಡನೇ ಕ್ಲಾಸಿನವರೆಗೂ ಫೀಸಿಲ್ಲ, ಇಂಟರ್‌ವ್ಯೂ ಇಲ್ಲ. ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಸರ್ಕಾರಿ ಶಾಲೆಗಳ ಯಾವ ವಲಯಕ್ಕೆ, ಸೇರುತ್ತದೋ ಮಗು ಆ ಶಾಲೆಗೆ. ಬಾಡಿಗೆ ಕರಾರು, ಕರೆಂಟು ಬಿಲ್ಲು, ಹುಟ್ಟಿದ ಸರ್ಟಿಫಿಕೇಟು, ಲಸಿಕೆ ಚೀಟಿ, ಇಷ್ಟು ಹಿಡಿದುಕೊಂಡು ಹೋದರೆ ಸೇರಿಸಿಕೊಳ್ಳುತ್ತಾರೆ. ಯಾರ ಶಿಫಾರಸೂ ಬೇಡ.

ಊರಿನಲ್ಲಿ ಇದನ್ನು ಹೇಳಿದರೆ "ಅಯ್ಯೋ, ಎಷ್ಟು ಚೆನ್ನಾಗಿದೆ, ಪುಕ್ಕಟೆ ಓದು" ಅನ್ನುತ್ತಾರೆ. ನಮ್ಮ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಹಾಕಿ ಸಿಕ್ಕಿಸಿದ ಒಂದು ಬಿಲ್ಲಿದೆ, ಮನೆ ತೆರಿಗೆಯದು. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್, ವರ್ಷಕ್ಕೆ ನಾಲ್ಕು ಸಲ ಕಟ್ಟಬೇಕು. ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಇಷ್ಟು, ಊರಿಗೆ ಇಷ್ಟು, ಶಾಲೆಗೆ ಇಷ್ಟು ಅಂತ ಸಾಲು ಸಾಲಾಗಿ ಬರೆದಿರುತ್ತದೆ. ಶಾಲೆಯ ಸಾಲೊಂದೇ ಅರ್ಧಕ್ಕಿಂತ ಜಾಸ್ತಿ. ಮನೆ ತೆರಿಗೆಯಲ್ಲಿ ಅಮೆರಿಕಕ್ಕೇ ನ್ಯೂಜೆರ್ಸಿ ಮೊದಲು. 2024ರಲ್ಲಿ ಇಲ್ಲಿನ ಸರಾಸರಿ ಬಿಲ್ಲು 10,000 ಡಾಲರ್ ದಾಟಿತು. ಬೆಂಗಳೂರಿನಲ್ಲಿ ಫೀಸಿಗೆ ರಸೀದಿ ಕೊಡುತ್ತಾರೆ, ಮಗು ಶಾಲೆ ಬಿಟ್ಟ ದಿನ ಅದು ನಿಲ್ಲುತ್ತದೆ. ಇಲ್ಲಿ ನನ್ನ ಮಗಳು ಕಾಲೇಜಿಗೆ ಹೋದ ಮೇಲೂ ಆ ಸಾಲು ಹಾಗೇ ಬರುತ್ತಿದೆ. ಎಲ್ಲರ ಮಕ್ಕಳಿಗೂ ಎಲ್ಲರೂ ಕಟ್ಟುವ ಈ ಪದ್ಧತಿ ನನಗೇನೋ ಇಷ್ಟವೇ. ಆದರೆ ಇದನ್ನು ಪುಕ್ಕಟೆ ಅನ್ನಬಾರದು ಅಷ್ಟೇ.

ಇನ್ನು ನಾವು ಬೇಸ್ತು ಬಿದ್ದ ಕಥೆ. 2013ರಲ್ಲಿ ಬಂದಾಗ ಮನೆ ತೋರಿಸಿದ ಏಜೆಂಟು "ಪ್ರಿನ್ಸ್‌ಟನ್ ಸರ್, ಅಡ್ರೆಸ್ ನೋಡಿ" ಅಂದ. ನೋಡಿದೆವು. ಪ್ರಿನ್ಸ್‌ಟನ್, ಪಿನ್‌ಕೋಡು 08540 ಅಂತಲೇ ಇತ್ತು. ಐನ್‌ಸ್ಟೈನ್ ಇದ್ದ ಊರು, ಇನ್ನೇನು ಬೇಕು ಅಂತ ಸಹಿ ಹಾಕಿದೆವು. ಅದೇ ಫೈಲು ಹಿಡಿದುಕೊಂಡು ಪ್ರಿನ್ಸ್‌ಟನ್ ಶಾಲೆಗೆ ಹೋದರೆ ಕೌಂಟರಿನ ಹೆಂಗಸು ಮನೆ ನಂಬರು ಟೈಪ್ ಮಾಡಿ, ಕಂಪ್ಯೂಟರಿನ ಪರದೆಯನ್ನೇ ನಮ್ಮ ಕಡೆ ತಿರುಗಿಸಿದರು. ನಕ್ಷೆಯಲ್ಲಿ ನಮ್ಮ ಮನೆ ಗೆರೆಯ ಆಚೆ. ಸೌತ್ ಬ್ರನ್ಸ್‌ವಿಕ್.

ಆಗಿದ್ದೇನೆಂದರೆ, ಅಂಚೆಯವರ ಊರು ಬೇರೆ, ತೆರಿಗೆ ಕಟ್ಟುವ ಊರು ಬೇರೆ. ವೆಸ್ಟ್ ವಿಂಡ್ಸರ್, ಸೌತ್ ಬ್ರನ್ಸ್‌ವಿಕ್, ಲಾರೆನ್ಸ್, ಈ ಮೂರೂ ಕಡೆಯ ಎಷ್ಟೋ ಮನೆಗಳಿಗೆ ಕಾಗದ ಬರುವುದು ಪ್ರಿನ್ಸ್‌ಟನ್ ಹೆಸರಿನಲ್ಲಿ. ಶಾಲೆ ಸೇರುವುದು ಟೌನ್‌ಶಿಪ್ಪಿಗೆ, ಅಂದರೆ ತೆರಿಗೆ ಕಟ್ಟುವ ಊರಿಗೆ. ಹೊಸಕೋಟೆ ಹತ್ತಿರದ ಸೈಟನ್ನೂ ವೈಟ್‌ಫೀಲ್ಡ್ ಅಂತ ಮಾರುವುದು ನೋಡಿ ಬಂದವನು ನಾನು, ನನಗಾದರೂ ಹೊಳೆಯಬೇಕಿತ್ತು. ಸಹಿ ಹಾಕುವ ಮೊದಲು ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ, ಮನೆ ನಂಬರು ಹೇಳಿ, ಈ ಮನೆಯ ಮಗು ಯಾವ ಶಾಲೆಗೆ ಬರುತ್ತದೆ ಅಂತ ಕೇಳಿದರೆ ಎರಡು ನಿಮಿಷದ ಕೆಲಸ.

ಮಗಳು ಸೌತ್ ಬ್ರನ್ಸ್‌ವಿಕ್ ಶಾಲೆಗೇ ಹೋದಳು. ಚೆನ್ನಾಗಿಯೇ ಇತ್ತು. ಆದರೂ ಮುಂದಿನ ವರ್ಷ ಪ್ಲೇನ್ಸ್‌ಬರೋಗೆ ಹೋದೆವು. ಯಾಕೆ ಅಂದರೆ, ಎಲ್ಲರೂ ಅಲ್ಲಿಗೆ ಹೋಗುತ್ತಿದ್ದರು. ಸುಮ್ನೆ ಬೇರೆ ಕಾರಣ ಹೇಳಿ ಏನು ಪ್ರಯೋಜನ?

ಪ್ಲೇನ್ಸ್‌ಬರೋ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕದ ವೆಸ್ಟ್ ವಿಂಡ್ಸರಿನಲ್ಲಿ ದೊಡ್ಡ ದೊಡ್ಡ ಮನೆ, ಇಲ್ಲಿ ಸಾಲು ಸಾಲು ಹಳೇ ಅಪಾರ್ಟ್‌ಮೆಂಟು. ಎರಡು ಊರಿಗೂ ಸೇರಿ ಒಂದೇ ಸ್ಕೂಲ್ ಡಿಸ್ಟ್ರಿಕ್ಟು. ಅಲ್ಲಿ ಬಂಗಲೆ ಕೊಂಡವರ ಮಗು ಕೂರುವ ಶಾಲೆಯಲ್ಲೇ ಇಲ್ಲಿ ಎರಡು ರೂಮಿನ ಬಾಡಿಗೆ ಮನೆಯ ಮಗುವೂ ಕೂರುತ್ತದೆ. ನಾವು ಬಂದಾಗ ಬಾಡಿಗೆ 1,450 ಡಾಲರ್ ಇತ್ತು, ಈಗ 2,000 ದಾಟಿದೆ. ಕಾರ್ಪೆಟ್ಟು ಹಳೇದು, ಮೇಲಿನ ಮನೆಯವರು ನಡೆದರೆ ನಮ್ಮ ಸೂರು ಕಿರ್ ಅನ್ನುತ್ತಿತ್ತು. ಸಂಜೆ ಆರಕ್ಕೆ ಒಂದೊಂದು ಬಾಗಿಲಲ್ಲಿ ಒಂದೊಂದು ಒಗ್ಗರಣೆ.

ಅಲ್ಲಿಗೆ ಸಾಮಾನು ಇಳಿಸಿದ ದಿನ ನನಗೆ ಹಾಸನದ ವಠಾರ ನೆನಪಾಯಿತು. ಅಪ್ಪ ಕೆಇಬಿಯಲ್ಲಿ ಲೈನ್‌ಮನ್, ಸಕಲೇಶಪುರದ ಕಡೆ ಕೆಲಸ. ನಾನು ಐದನೇ ಕ್ಲಾಸಿಗೆ ಬಂದಾಗ ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ಹಾಸನದಲ್ಲಿ ಮನೆ ಮಾಡಿದರು. ಆರು ಮನೆಗೆ ಒಂದು ನಲ್ಲಿ. ಅಪ್ಪ ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗೋರು. "ಮಕ್ಕಳ ಓದಿಗೆ ಪೇಟೇಲಿ ಮನೆ ಮಾಡಿದಾರೆ" ಅಂತ ಜನ ಹೇಳೋರು. ಮನೆ ಕಟ್ಟಿಸಿದ್ದಾರೆ ಅಂತಲ್ಲ, ಕೊಂಡಿದ್ದಾರೆ ಅಂತಲ್ಲ, ಮಾಡಿದ್ದಾರೆ. ಓದು ಮುಗಿದ ತಿಂಗಳಲ್ಲೇ ಅಮ್ಮ ಆ ಮನೆ ಖಾಲಿ ಮಾಡಿದರು.

ನನ್ನ ಭಾವಮೈದನಿಗೆ ನಾನು ಹೇಳುತ್ತಿರುವುದೂ ಅದನ್ನೇ. ಮನೆ ಮಾಡು, ಕೊಳ್ಳಬೇಡ, ಕಡೇಪಕ್ಷ ಎರಡು ವರ್ಷ. ಬಂದ ಆರು ತಿಂಗಳಿಗೇ ಒಳ್ಳೇ ಡಿಸ್ಟ್ರಿಕ್ಟು ಅಂತ ಸಾಲ ತಲೆ ಮೇಲೆ ಹಾಕಿಕೊಂಡು, ಗಂಡ ಹೆಂಡತಿ ಇಬ್ಬರೂ ಹಗಲೂ ರಾತ್ರಿ ದುಡಿದು, ಮಗು ಶಾಲೆಯಿಂದ ಬರುವಾಗ ಮನೆಯಲ್ಲಿ ಯಾರೂ ಇಲ್ಲದ ಸಂಸಾರಗಳನ್ನು ಸಾಕಷ್ಟು ನೋಡಿದ್ದೇನೆ.

ಅವನಿಗೆ ರೇಟಿಂಗ್ ಹುಚ್ಚು ಬೇರೆ. ಮನೆ ಹುಡುಕುವ ಝಿಲೋ ವೆಬ್‌ಸೈಟಿನಲ್ಲಿ ಪ್ರತಿ ಮನೆಯ ಕೆಳಗೂ ಹತ್ತಿರದ ಶಾಲೆಗೆ ಹತ್ತಕ್ಕೆ ಇಷ್ಟು ಅಂತ ಒಂದು ಅಂಕಿ ಇರುತ್ತದೆ, ಶಾಲೆಗಳಿಗೆ ರೇಟಿಂಗ್ ಕೊಡುವ ಗ್ರೇಟ್‌ಸ್ಕೂಲ್ಸ್ ಸಂಸ್ಥೆಯವರದು. "ಭಾವ, ಇದು 9, ಅದು 6. ಆರಕ್ಕೆ ಹೇಗೆ ಸೇರಿಸೋದು?" ಆ ಅಂಕಿಯಲ್ಲಿ ಪರೀಕ್ಷೆಯ ಮಾರ್ಕ್ಸಿನದು ದೊಡ್ಡ ಪಾಲು. ಒಂಬತ್ತು ಬಂದ ಊರಿನ ಯಾವುದೇ ಅಂಗಡಿ ಸಾಲಿಗೆ ಹೋಗಿ ನೋಡಿ, ಪಿಜ್ಜಾ ಅಂಗಡಿ ಪಕ್ಕ ಒಂದು ಟ್ಯೂಷನ್ ಸೆಂಟರು, ಲಾಂಡ್ರಿ ಪಕ್ಕ ಇನ್ನೊಂದು. ಅಪ್ಪ ಅಮ್ಮ ಓದಿದವರು, ಸಂಬಳ ಜಾಸ್ತಿ, ಶನಿವಾರ ಭಾನುವಾರ ಗಣಿತದ ಕ್ಲಾಸು. ಅದರಲ್ಲಿ ಶಾಲೆ ಎಷ್ಟು ಕಲಿಸಿತು, ಟ್ಯೂಷನ್ ಎಷ್ಟು ಕಲಿಸಿತು ಅಂತ ಬಿಡಿಸಿ ಹೇಳುವವರು ಯಾರು?

ನ್ಯೂಜೆರ್ಸಿ ಸರ್ಕಾರವೇ ಪ್ರತಿ ಶಾಲೆಯದೂ ವರದಿ ಹಾಕುತ್ತದೆ. ಅದರಲ್ಲಿ ಸ್ಟೂಡೆಂಟ್ ಗ್ರೋತ್ ಪರ್ಸೆಂಟೈಲ್ ಅಂತ ಒಂದಿದೆ. ಹಿಂದೆ ಇಷ್ಟೇ ಮಾರ್ಕ್ಸ್ ತೆಗೆದಿದ್ದ ಬೇರೆ ಮಕ್ಕಳಿಗೆ ಹೋಲಿಸಿದರೆ ಈ ಮಗು ಎಷ್ಟು ಮುಂದೆ ಹೋಯಿತು ಅನ್ನುವ ಲೆಕ್ಕ. 50 ಅಂದರೆ ನಡುವೆ. ಆರು ರೇಟಿಂಗಿನ ಶಾಲೆಯಲ್ಲಿ ಇದು 58 ಇರಬಹುದು, ಒಂಬತ್ತರದರಲ್ಲಿ 47 ಇರಬಹುದು. ನಾನಾದರೆ ಮೊದಲು ಈ ಅಂಕಿ ನೋಡುತ್ತೇನೆ, ಆಮೇಲೆ ಎಷ್ಟು ಮಕ್ಕಳು ಪದೇ ಪದೇ ಶಾಲೆ ತಪ್ಪಿಸುತ್ತಾರೆ ಅನ್ನುವುದನ್ನು.

ಒಂಬತ್ತರ ಶಾಲೆಗೆ ಇನ್ನೊಂದು ಮುಖವೂ ಇದೆ. 2015ರಲ್ಲಿ ನಮ್ಮ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋದಲ್ಲೇ ಮಕ್ಕಳ ಮೇಲಿನ ಒತ್ತಡ ಜಾಸ್ತಿಯಾಯಿತು ಅಂತ ಹೈಸ್ಕೂಲಿನ ಮಿಡ್‌ಟರ್ಮ್ ಮತ್ತು ಫೈನಲ್ ಪರೀಕ್ಷೆ ತೆಗೆದರು. ಹೋಮ್‌ವರ್ಕ್ ಇಲ್ಲದ ರಾತ್ರಿಗಳು ಅಂತ ಮಾಡಿದರು. ಊರು ಎರಡು ಭಾಗವಾಯಿತು, ದೇಶದ ಪೇಪರುಗಳಲ್ಲೆಲ್ಲ ಬಂತು. ಮಟ್ಟ ಇಳಿಸಬೇಡಿ ಅಂತ ಗಲಾಟೆ ಮಾಡಿದವರಲ್ಲಿ ನಮ್ಮವರು, ಚೀನಿಯರು ಬಹಳ. ನಾನೂ ಆಗ ಅವರ ಕಡೆಯೇ ಇದ್ದೆ. ಈಗ ಇರುತ್ತಿರಲಿಲ್ಲ.

ಚಿಕ್ಕ ಮಗುವಿನ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳ್ಳೇ ಊರುಗಳ ಡೇಕೇರಿಗೆ ಹೆಚ್ಚುಕಮ್ಮಿ ಇನ್ನೊಂದು ಮನೆ ಬಾಡಿಗೆಯಷ್ಟು ಬೇಕು. ಇಲ್ಲಿನ ರಾಜ್ಯ ಸುಪ್ರೀಂ ಕೋರ್ಟು ಅಬ್ಬಟ್ ಮೊಕದ್ದಮೆಯಲ್ಲಿ, ಬಡ ಊರಿನ ಶಾಲೆಗಳಿಗೂ ಶ್ರೀಮಂತ ಊರಿನಷ್ಟೇ ದುಡ್ಡು ಕೊಡಿ ಅಂತ 1990ರಲ್ಲಿ ತೀರ್ಪು ಕೊಟ್ಟಿತು. ಆಮೇಲಿನ ತೀರ್ಪಿನಿಂದ ನ್ಯೂ ಬ್ರನ್ಸ್‌ವಿಕ್, ಟ್ರೆಂಟನ್‌ನಂಥ ಊರುಗಳಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಿಗೆ ಪ್ರಿಸ್ಕೂಲು ಸರ್ಕಾರದ ಖರ್ಚಿನಲ್ಲೇ. ಈಚೆಗೆ ಬೇರೆ ಊರುಗಳಿಗೂ ಒಂದೊಂದಾಗಿ ಬರುತ್ತಿದೆ. ರೇಟಿಂಗ್ ನೋಡುವವರು ಯಾವ ಊರಿನ ಹೆಸರು ಕೇಳಿದರೆ ಮೂಗು ಮುರಿಯುತ್ತಾರೋ, ಮೂರು ವರ್ಷದ ಮಗುವಿಗೆ ಅಲ್ಲೇ ಉಳಿತಾಯ. ದೊಡ್ಡವಳು ಇರುವುದರಿಂದ ಇವನಿಗೆ ಅದು ಹೊಂದುವುದಿಲ್ಲ, ಒಂದೇ ಕೂಸಿದ್ದವರು ಯೋಚನೆ ಮಾಡಬಹುದು.

ಆಫೀಸು ನ್ಯೂಯಾರ್ಕಿನಲ್ಲಿದ್ದರೆ ರೈಲಿನ ಕಥೆಯೂ ಇದೆ. ಪ್ರಿನ್ಸ್‌ಟನ್ ಜಂಕ್ಷನ್ನಿಂದ ಒಂದು ಗಂಟೆ ಮೇಲೆ. ಸ್ಟೇಷನ್ನು ವೆಸ್ಟ್ ವಿಂಡ್ಸರಿನದು, ನಾವು ಬಂದ ಕಾಲದಲ್ಲಿ ಊರಿನ ಪಾರ್ಕಿಂಗ್ ಪಾಸು ಅವರ ಊರಿನವರಿಗಿತ್ತು. ಪ್ಲೇನ್ಸ್‌ಬರೋದವರಿಗೆ ಶಾಲೆ ಒಂದೇ ಆದರೂ ಪಾರ್ಕಿಂಗ್ ಬೇರೆ ಇತ್ತು. ಮಿಕ್ಕ ಪಾಸಿಗೆ ಆಗ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಕಾದಿದ್ದೇನೆ, ಪಾಸು ಬರುವ ಹೊತ್ತಿಗೆ ಕೆಲಸವೇ ಬದಲಾಗಿತ್ತು.

ಎಡಿಸನ್ನೇ ಬೇಕು ಅನ್ನುವವರೂ ಇದ್ದಾರೆ. ಓಕ್ ಟ್ರೀ ರೋಡಿನ ನಮ್ಮವರ ಅಂಗಡಿಗಳು, ಪುತ್ತಿಗೆ ಮಠದ ಕೃಷ್ಣ ವೃಂದಾವನ ದೇವಸ್ಥಾನ, ಎಲ್ಲ ಕೈಗೆಟಕುವ ಹಾಗಿದೆ. ಶಾಲೆಗೂ ಒಳ್ಳೇ ಹೆಸರು. ನನಗೆ ಮಾತ್ರ ಆ ಟ್ರಾಫಿಕ್ಕು ಆಗಿಬರುವುದಿಲ್ಲ, ಅದನ್ನು ಬಿಟ್ಟು ಬಂದಿದ್ದೇ ಬೆಂಗಳೂರಿನಿಂದ ಅಲ್ವಾ.

ಕೊನೆಗೆ ಅವನು ಸೌತ್ ಬ್ರನ್ಸ್‌ವಿಕ್ಕಿನಲ್ಲೇ ಎರಡು ರೂಮಿನ ಮನೆ ಹಿಡಿದ. ಡಿಸ್ಟ್ರಿಕ್ಟ್ ಆಫೀಸಿಗೆ ಬೆಂಗಳೂರಿನಿಂದಲೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಮನೆ ನಂಬರು ಹೇಳಿ ವಿಚಾರಿಸಿದನಂತೆ. ನಿನ್ನೆ ಮತ್ತೆ ಫೋನು.

"ಭಾವ, ಎರಡನೇ ಮಹಡಿ. ಲಿಫ್ಟಿಲ್ಲ. ಗ್ರೈಂಡರು ತರೋದಾ, ಬೇಡ್ವಾ?"

"ಬೇಡ ಕಣೋ. ಅಲ್ಲಿನದು ಇಲ್ಲಿನ ಕರೆಂಟಿಗೆ ಓಡಲ್ಲ. 110 ವೋಲ್ಟಿನದು ಎಡಿಸನ್ನಿನಲ್ಲೇ ಸಿಗುತ್ತೆ. ಮಗಳ ಲಸಿಕೆ ಚೀಟಿ ಮಾತ್ರ ಕೈಚೀಲದಲ್ಲಿ ಇಟ್ಕೋ, ಸೂಟ್‌ಕೇಸಿಗೆ ಹಾಕಬೇಡ."