ಬಫೆ ಮುಗಿದ ಮೇಲೆ ಸೈಕಲ್

ಉಷ್ಣವಲಯದ ದೇಶದಲ್ಲಿ ಸೈಕಲ್ ತುಳಿಸುತ್ತೇವೆಂದು ಲಕ್ಷದ ಹತ್ತಿರ ಹಣ ಕಟ್ಟಿಸಿಕೊಂಡವರು ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಸವಾರಿ ಹೊರಡಿಸಿದರೆ, ಅದನ್ನು ಅಜ್ಞಾನವೆನ್ನಬೇಕೋ ಉಡಾಫೆಯೆನ್ನಬೇಕೋ ಎಂಬುದು ಊರಿಗೆ ಮರಳಿದ ಮೇಲೂ ನನಗೆ ಬಗೆಹರಿದಿಲ್ಲ. ಮಾರ್ಚ್ ಕೊನೆಯಲ್ಲಿ ಶ್ರೀಲಂಕಾದಲ್ಲಿ ನಡೆದ ಗುಂಪು ಸೈಕಲ್ ಪ್ರವಾಸದ ಮಾತು ಇದು. ಮಾರಿದ್ದು ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆ. ಅಲ್ಲಿ ನಡೆಸಿದ್ದು ಅದರಿಂದ ಗುತ್ತಿಗೆ ಹಿಡಿದ ಕೊಲಂಬೊದ ಇನ್ನೊಂದು ಸಂಸ್ಥೆ. ದೂರು ಹೇಳಿದರೆ ಇವರು ಅವರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ. ದುಡ್ಡು ಮಾತ್ರ ಇಬ್ಬರ ಬಳಿಯೂ ಸುರಕ್ಷಿತವಾಗಿದೆ.

ಶ್ರೀಲಂಕಾ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 6ರಿಂದ 10 ಡಿಗ್ರಿಗಳ ನಡುವೆ. ಏಪ್ರಿಲ್ ಮೊದಲ ಎರಡು ವಾರಗಳಲ್ಲಿ ಮಧ್ಯಾಹ್ನದ ಸೂರ್ಯ ಆ ದ್ವೀಪದ ನೇರ ನೆತ್ತಿಯ ಮೇಲಿರುತ್ತಾನೆ. ನಾವಿದ್ದಾಗ ಅದಕ್ಕೆ ಕೆಲವೇ ದಿನ ಬಾಕಿಯಿದ್ದು, ಹನ್ನೆರಡು ಗಂಟೆಗೆ ಸೈಕಲ್ಲಿನ ನೆರಳು ಚಕ್ರದ ಬುಡದಲ್ಲೇ ಮುದುಡಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಮಾರ್ಚ್, ಏಪ್ರಿಲ್ ಎಂದರೆ ಹಿಂಗಾರು, ಮುಂಗಾರುಗಳ ನಡುವಿನ ಕಾಲ. ಬೆಟ್ಟದ ಸೀಮೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೆಚ್ಚುಕಡಿಮೆ ಖಾತ್ರಿ. ಹೀಗಿರುವಾಗ ಸೈಕಲ್ಲಿಗೆ ಉಳಿಯುವುದು ಬೆಳಿಗ್ಗೆ ಆರರಿಂದ ಒಂಬತ್ತೂವರೆ, ಹೆಚ್ಚೆಂದರೆ ಹತ್ತು ಗಂಟೆಯವರೆಗಿನ ಹೊತ್ತು. ಇದನ್ನು ತಿಳಿಯಲು ಹವಾಮಾನ ಶಾಸ್ತ್ರ ಓದಬೇಕಿಲ್ಲ. ಭಾನುವಾರ ನಂದಿ ಬೆಟ್ಟ ಹತ್ತಲು ಹೊರಡುವ ಬೆಂಗಳೂರಿನ ಯಾವ ಸೈಕಲ್ ಸವಾರರನ್ನು ಕೇಳಿದರೂ ಹೆಬ್ಬಾಳದ ಮೇಲ್ಸೇತುವೆಯನ್ನು ನಸುಕಿನ ಐದು ಗಂಟೆಯೊಳಗೆ ದಾಟಿರಬೇಕೆಂದು ಹೇಳುತ್ತಾರೆ. ಶ್ರೀಲಂಕಾದ ಗಡಿಯಾರವೂ ನಮ್ಮದೇ, ನಿಮಿಷದ ವ್ಯತ್ಯಾಸವೂ ಇಲ್ಲ. ಆದ್ದರಿಂದ ನಿದ್ದೆ ಏರುಪೇರಾದ ನೆಪವೂ ಸಲ್ಲುವುದಿಲ್ಲ.

ಹಾಗಾದರೆ ಹತ್ತು ಗಂಟೆ ಏಕೆ? ಹೋಟೆಲಿನ ಬೆಳಗಿನ ಬಫೆ ತೆರೆಯುವುದೇ ಏಳೂವರೆಗೆ ಎಂಬ ಒಂದೇ ಕಾರಣಕ್ಕೆ. ಪ್ಯಾಕೇಜಿನಲ್ಲಿ ಉಪಾಹಾರ ಸೇರಿದೆ, ಅದನ್ನು ಬಿಟ್ಟು ಹೊರಗೆ ತಿನ್ನಿಸಿದರೆ ಸಂಸ್ಥೆಯ ಕೈಯಿಂದ ಖರ್ಚಾಗುತ್ತದೆ, ಆದ್ದರಿಂದ ಇಡೀ ಗುಂಪು ಒಣಗಿದ ಟೋಸ್ಟ್‌ಗೂ ತಣ್ಣಗಿನ ಬೇಯಿಸಿದ ಬೀನ್ಸ್‌ಗೂ ಕಾದು ಕೂರಬೇಕು. ಬಳಿಕ ಸಾಮಾನು ಕಟ್ಟಿ, ಕೊಠಡಿ ಬಿಟ್ಟುಕೊಟ್ಟು, ಟೈರಿಗೆ ಗಾಳಿ ಹಾಕಿಸಿ, ಡ್ರೋನ್ ಹಾರಿಸುವ ಮಹಾಶಯರು ತಮ್ಮ ಕೆಲಸ ಮುಗಿಸುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇದೇ ವೇಳೆ ಹೋಟೆಲಿನ ಗೇಟಿನಾಚೆ, ಬೆಳಕು ಹರಿಯುವ ಮೊದಲೇ ತೆರೆದ ಸಣ್ಣ ಅಂಗಡಿಯಲ್ಲಿ, ಹಬೆಯಾಡುವ ಇಂಡಿಯಪ್ಪ ಪೇರಿಸಿಟ್ಟಿರುತ್ತಿದ್ದರು. ನಮ್ಮ ಒತ್ತುಶಾವಿಗೆಯ ಸೋದರನಾದ ಅದರ ಜೊತೆಗೆ ತೆಂಗಿನ ಹಾಲಿನ ತೊವ್ವೆ ಇರುತ್ತಿತ್ತು. ಸಂಗೀತ ಹಾಕಿಕೊಂಡು ಬ್ರೆಡ್ ಮಾರುವ ಚೂನ್ ಪಾನ್ ಆಟೋ ಆರೂವರೆಗೆಲ್ಲ ಬೀದಿ ಸುತ್ತಿ ಹೋಗಿರುತ್ತಿತ್ತು. ನಾನು ಸಸ್ಯಾಹಾರಿ, ಅಲ್ಲಿನ ಸಂಬೋಲವೆಂಬ ತೆಂಗಿನ ಚಟ್ನಿಯಲ್ಲಿ ಮಾಲ್ಡೀವ್ಸ್‌ನ ಒಣಮೀನಿನ ಪುಡಿ ಸೇರಿಸುವುದು ರೂಢಿಯೆಂದು ಗೊತ್ತಿದ್ದರಿಂದ ಕೇಳಿ ತಿನ್ನಬೇಕಿತ್ತು, ಕೇಳಿದರೆ ಮೀನಿಲ್ಲದೆ ಅರೆದು ಕೊಡುತ್ತಲೂ ಇದ್ದರು. ಆರು ಗಂಟೆಗೆ ಇಲ್ಲಿ ತಿಂದು ಹೊರಡೋಣವೆಂದು ನಾನು ಮತ್ತು ಇನ್ನಿಬ್ಬರು ಹೇಳಿದಾಗ ಬಂದ ಉತ್ತರ, “ಗುಂಪಿನ ಶಿಸ್ತು ಕೆಡುತ್ತದೆ” ಎಂಬುದು.

ಆ ಶಿಸ್ತಿನ ಫಲವನ್ನು ನಾವು ಉಂಡದ್ದು ಪೊಲೊನ್ನರುವದಲ್ಲಿ. ಸೈಕಲ್ಲಿಗೆಂದೇ ಹೇಳಿ ಮಾಡಿಸಿದಂತಹ ಜಾಗವದು: ಒಂದನೆಯ ಪರಾಕ್ರಮಬಾಹು 12ನೇ ಶತಮಾನದಲ್ಲಿ ಆಳಿದ ರಾಜಧಾನಿಯ ಅವಶೇಷಗಳು ಕಿಲೋಮೀಟರುಗಟ್ಟಲೆ ಹರಡಿವೆ, ನಡುವೆ ಮರಗಳ ನೆರಳಿನ ಸಮತಟ್ಟು ದಾರಿಗಳಿವೆ, ಪಕ್ಕದಲ್ಲಿ ಅವನ ಹೆಸರಿನದೇ ಸಮುದ್ರದಂತಹ ಕೆರೆ. ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿದ್ದರೆ ಸ್ವರ್ಗ. ನಾವು ವಟದಾಗೆ ಎಂಬ ದುಂಡನೆಯ ಸ್ತೂಪಮಂದಿರದ ಮೆಟ್ಟಿಲ ಬುಡದಲ್ಲಿ ಸೈಕಲ್ ನಿಲ್ಲಿಸಿದಾಗ ಹನ್ನೆರಡು ಹೊಡೆದಿತ್ತು. ಬೌದ್ಧ ಸ್ಥಳವಾದ್ದರಿಂದ ಪಾದರಕ್ಷೆ ಬಿಡಬೇಕು. ಆ ನಿಯಮದ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಆ ಹೊತ್ತಿನಲ್ಲಿ ಕಲ್ಲು ಕಾದ ಹೆಂಚಾಗಿತ್ತು. ಗುಂಪಿನ ಅರುವತ್ತು ದಾಟಿದ ಹಿರಿಯರೊಬ್ಬರು ಬರಿಗಾಲಿನಲ್ಲಿ ಎರಡು ಹೆಜ್ಜೆ ಇಟ್ಟವರು ಹಿಂದಕ್ಕೆ ಜಿಗಿದು, ಬೆವರಿನಿಂದ ಒದ್ದೆಯಾಗಿದ್ದ ಕಾಲುಚೀಲವನ್ನು ಮತ್ತೆ ಎಳೆದುಕೊಂಡು, ನೆರಳಿನ ಪಟ್ಟಿಯಿಂದ ನೆರಳಿನ ಪಟ್ಟಿಗೆ ಕುಪ್ಪಳಿಸುತ್ತಾ ಹೋದರು. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ, 14 ಮೀಟರ್ ಉದ್ದದ ಮಲಗಿದ ಬುದ್ಧನ ಮುಂದೆ ನಾವು ನಿಂತದ್ದು ಐದು ನಿಮಿಷವೂ ಇರಲಾರದು, ಏಕೆಂದರೆ ಯಾರ ಅಂಗಾಲೂ ಅದಕ್ಕಿಂತ ಹೆಚ್ಚು ತಡೆಯುವಂತಿರಲಿಲ್ಲ. ಮುಂದಿನ ವರ್ಷವೂ ಇವರು ಇದೇ ಹೊತ್ತಿಗೆ ಇನ್ನೊಂದು ಗುಂಪನ್ನು ಅಲ್ಲಿ ನಿಲ್ಲಿಸುತ್ತಾರೆ, ಅನುಮಾನ ಬೇಡ.

ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಹಬರಣ, ಮಿನ್ನೇರಿಯ ಕಡೆ ಕಾಡಾನೆಗಳು ಹೆದ್ದಾರಿ ದಾಟುತ್ತವೆ. ಅಲ್ಲಿ ಕತ್ತಲಿರುವಾಗ ಸೈಕಲ್ ಬಿಡುವುದಿಲ್ಲವೆಂದರೆ ಅದು ಸರಿಯಾದ ಮಾತು. ದಂಬುಲ್ಲದಿಂದ ಕ್ಯಾಂಡಿಗೆ ಹೋಗುವ ಎ-9 ರಸ್ತೆಯಲ್ಲಿ ವ್ಯಾನ್ ಹತ್ತಿಸಿದ್ದಕ್ಕೂ ನನ್ನ ತಕರಾರಿಲ್ಲ, ಏಕೆಂದರೆ ಅಲ್ಲಿನ ಖಾಸಗಿ ಬಸ್ಸುಗಳು ಓವರ್‌ಟೇಕ್ ಮಾಡುವ ಪರಿಯನ್ನು ನೋಡಿದ ಮೇಲೆ ನಮ್ಮ ಖಾಸಗಿ ಬಸ್ಸಿನ ಚಾಲಕರು ಸಾಧುಗಳಂತೆ ಕಂಡರು. ಆದರೆ ಸುರಕ್ಷತೆಗೆಂದು ಹತ್ತಿಸಿದ ವ್ಯಾನ್ ಸೀದಾ ಕ್ಯಾಂಡಿಗೆ ಹೋಗಲಿಲ್ಲ. ನಡುವೆ ಮಾತಲೆಯ ಮಸಾಲೆ ತೋಟವೊಂದರ ಮುಂದೆ ನಿಂತಿತು.

ನಾನು ಶಿರಸಿ ಸೀಮೆಯವ. ಮನೆಯ ಹಿಂದಿನ ತೋಟದಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ಅದರ ಬುಡದಲ್ಲಿ ಏಲಕ್ಕಿ, ಬದುವಿನಲ್ಲಿ ಜಾಯಿಕಾಯಿ. ಗುಂಪಿನಲ್ಲಿ ಕೊಡಗಿನ ದಂಪತಿಯೂ ಇದ್ದರು. ನಮ್ಮನ್ನೆಲ್ಲ ಸಮುದ್ರ ದಾಟಿಸಿ ಕರೆದೊಯ್ದು, “ಇದನ್ನು ಏನೆಂದು ಕರೆಯುತ್ತಾರೆ, ಊಹಿಸಿ” ಎಂದು ಒಂದು ಮೆಣಸಿನ ಎಲೆಯನ್ನು ಮೂಗಿನ ಮುಂದೆ ಹಿಡಿದರು. ಬಿಳಿ ಕೋಟು ತೊಟ್ಟ ಒಬ್ಬಾತ ಬೆಂಚಿನ ಮೇಲೆ ಕೂರಿಸಿ ಯುವಕನೊಬ್ಬನ ಮೊಣಕಾಲಿನ ಕೆಳಗೆ ಕೆಂಪಗಿನ ಲೇಪ ಸವರಿದ. ತುಸು ಹೊತ್ತಿನ ಮೇಲೆ ಟಿಶ್ಯೂ ಕಾಗದದಿಂದ ಒರೆಸಿದಾಗ ಅಂಗೈಯಗಲ ಜಾಗದಲ್ಲಿ ಕೂದಲು ಮಾಯವಾಗಿ, ಆ ಹುಡುಗ ಪ್ರವಾಸ ಮುಗಿಯುವವರೆಗೂ ಒಂದು ಕಾಲಿನಲ್ಲಿ ಬೋಳು ಪಟ್ಟೆ ಹೊತ್ತು ತಿರುಗಿದ. ಬಳಿಕ ಭುಜ ತಿಕ್ಕುವವರು, ಟಿಪ್ಸಿನ ಡಬ್ಬಿ, ಕೊನೆಯಲ್ಲಿ ಹೊರಹೋಗಲು ಬೇರೆ ದಾರಿಯೇ ಇಲ್ಲದಂತೆ ಕಟ್ಟಿದ ಅಂಗಡಿ, ಡಾಲರಿನಲ್ಲಿ ಬೆಲೆ ಬರೆದ ಎಣ್ಣೆ ಶೀಷೆಗಳು. ಶ್ರೀಲಂಕಾದ ದಾಲ್ಚಿನ್ನಿ ಶ್ರೇಷ್ಠ, ಒಪ್ಪುತ್ತೇನೆ. ನಮ್ಮ ಪೇಟೆಯಲ್ಲಿ ಆ ಹೆಸರಿನಲ್ಲಿ ಸಿಗುವ ದಪ್ಪ ತೊಗಟೆ ಬಹುತೇಕ ಬೇರೆಯೇ ಮರದ್ದು. ಆದರೆ ದಾಲ್ಚಿನ್ನಿ ನೋಡಬೇಕಿದ್ದರೆ ಹೋಗಬೇಕಾದದ್ದು ದಕ್ಷಿಣದ ಗಾಲೆ, ಮಾತರ ಜಿಲ್ಲೆಗಳಿಗೆ. ಅಲ್ಲಿ ಸುಲಿಯುವವರು ನೆಲದ ಮೇಲೆ ಕುಳಿತು, ಹಿತ್ತಾಳೆಯ ಕಡ್ಡಿಯಿಂದ ಕೊಂಬೆಯನ್ನು ಉಜ್ಜಿ, ಒಳತೊಗಟೆಯನ್ನು ಹರಿಯದಂತೆ ಬಿಡಿಸಿ, ಸುರುಳಿಯೊಳಗೆ ಸುರುಳಿ ಸೇರಿಸುತ್ತಾರೆ. ಆ ಸೀಮೆಯನ್ನು ನಾವು ಹಾದದ್ದು ಕಿಟಕಿ ಮುಚ್ಚಿದ ವ್ಯಾನಿನಲ್ಲಿ. ಅಲ್ಲಿ ಕಮಿಷನ್ ಕೊಡುವ ಅಂಗಡಿ ಇರಲಿಲ್ಲವೇನೋ.

ಮಸಾಲೆ ತೋಟದ ನಂತರ ಬಾಟಿಕ್ ಬಟ್ಟೆ, ಕ್ಯಾಂಡಿಯಲ್ಲಿ ನೀಲಮಣಿಯ ಅಂಗಡಿ. ಇವುಗಳನ್ನು ವಿವರಿಸುವಷ್ಟು ಸಹನೆ ನನ್ನಲ್ಲಿ ಉಳಿದಿಲ್ಲ. ಆದರೆ ಆ ನೀಲಮಣಿಗಳಿಗಾಗಿ ನಾವು ತೆತ್ತ ಬೆಲೆಯನ್ನು ಹೇಳಲೇಬೇಕು. ಕ್ಯಾಂಡಿ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ, ನುವಾರ ಎಲಿಯ ಸುಮಾರು 1,870 ಮೀಟರ್ ಎತ್ತರದಲ್ಲಿ. ನಡುವೆ ರಂಬೊಡ ಜಲಪಾತದ ಬದಿಯಿಂದ ಚಹಾ ತೋಟಗಳ ನಡುವೆ ತಿರುವಿನ ಮೇಲೆ ತಿರುವು ತೆಗೆದುಕೊಂಡು ಏರುವ ರಸ್ತೆಯಿದೆ. ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಹಣ ಕಟ್ಟಿದ್ದೇ ಆ ಏರಿಗಾಗಿ; ತಿಂಗಳುಗಟ್ಟಲೆ ಅದಕ್ಕೆಂದೇ ಅಭ್ಯಾಸ ಮಾಡಿದವರಿದ್ದರು. ಕರಪತ್ರದಲ್ಲಿ ಅದೇ ರಸ್ತೆಯ ಚಿತ್ರವನ್ನು ಮುಖಪುಟಕ್ಕೆ ಹಾಕಿದ್ದರು. ಬೆಳಗಿನ ತಂಪನ್ನು ನೀಲಮಣಿಯ ಅಂಗಡಿಯಲ್ಲಿ ಕಳೆದು, ಮಧ್ಯಾಹ್ನ ಎರಡರ ಹೊತ್ತಿಗೆ ಬೆಟ್ಟದ ಬುಡ ತಲುಪಿದಾಗ ಮೋಡ ಕಟ್ಟಿ ಗುಡುಗತೊಡಗಿತು. “ಹವಾಮಾನ ಸರಿಯಿಲ್ಲ, ಎಲ್ಲರೂ ವ್ಯಾನ್ ಹತ್ತಿ” ಎಂದರು. ಪ್ರತಿ ವರ್ಷ ಆ ಋತುವಿನಲ್ಲಿ ಮಧ್ಯಾಹ್ನ ಬರುವ ಮಳೆಯನ್ನು ಆಕಸ್ಮಿಕವೆಂಬಂತೆ ಹೇಳಲು ಎಷ್ಟು ಧೈರ್ಯ ಬೇಕು! ಸೈಕಲ್ಲುಗಳು ಟ್ರೇಲರಿನ ಮೇಲೆ ನೆನೆಯುತ್ತಾ ಬೆಟ್ಟ ಹತ್ತಿದವು, ನಾವು ಗಾಜಿನ ಮೇಲೆ ಕೂಡಿದ ಹಬೆಯನ್ನು ಕೈಯಿಂದ ಒರೆಸಿಕೊಂಡು ಚಹಾ ಗಿಡಗಳನ್ನು ನೋಡಿದೆವು.

ಏರು ಹೋಯಿತು, ಇಳಿಜಾರಾದರೂ ಸಿಗುತ್ತದೆಂದುಕೊಂಡೆ. ‘ಎಲ್ಲ’ ಎಂಬ ಊರಿನಿಂದ ರಾವಣ ಜಲಪಾತದ ಮುಂದಿನಿಂದ ವೆಲ್ಲವಾಯದ ಬಯಲಿಗೆ ಇಳಿಯುವ ರಸ್ತೆ ಅದು. ಕಡಿದಾದ ತಿರುವುಗಳಿವೆ, ಎದುರಿಗೆ ಬಸ್ಸುಗಳಿವೆ, ಬ್ರೇಕ್ ನೆಚ್ಚಿಕೊಳ್ಳುವಂತಿರಲೇಬೇಕು. ಮುಂಗಡ ಕಟ್ಟುವಾಗ ಅರ್ಜಿಯಲ್ಲಿ ನನ್ನ ಎತ್ತರ, ಕಾಲಿನ ಅಳತೆ ಎಲ್ಲವನ್ನೂ ಕೇಳಿ ಬರೆಸಿಕೊಂಡಿದ್ದರೂ ನನಗೆ ಕೊಟ್ಟದ್ದು ಸೀಟನ್ನು ಪೂರ್ತಿ ಇಳಿಸಿದರೂ ತುದಿಗಾಲಿಗೆ ನೆಲ ಸಿಗದ ದೊಡ್ಡ ಫ್ರೇಮು. ಅದನ್ನೂ ಸಹಿಸಿಕೊಂಡಿದ್ದೆ. ಮಳೆಯಲ್ಲಿ ನೆನೆದ ಚೈನು ಕಿರುಗುಟ್ಟುತ್ತದೆಂದು ಸಹಾಯಕನೊಬ್ಬ ಹಿಂದಿನ ಸಂಜೆ ಎಣ್ಣೆಯ ಸ್ಪ್ರೇ ಹಿಡಿದು ಚೈನು, ಗೇರು, ಹಿಂದಿನ ಚಕ್ರದ ಬ್ರೇಕ್ ಡಿಸ್ಕು ಎಂಬ ಭೇದವಿಲ್ಲದೆ ಎಲ್ಲದಕ್ಕೂ ಅಭಿಷೇಕ ಮಾಡಿದ್ದ. ಡಿಸ್ಕಿಗೆ ಎಣ್ಣೆ ತಾಗಿದರೆ ಪ್ಯಾಡು ಅದನ್ನು ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಸೈಕಲ್ ರಿಪೇರಿಯಲ್ಲಿ ಇದು ಮೊದಲ ದಿನದ ಪಾಠ. ಬೆಳಿಗ್ಗೆ ಹೋಟೆಲಿನ ಅಂಗಳದಲ್ಲೇ ಹಿಂದಿನ ಬ್ರೇಕ್ ಒತ್ತಿ ನೋಡಿದೆ: ಕಿವಿ ಕೊರೆಯುವ ಕೂಗು ಹೊರಟಿತೇ ವಿನಾ ಚಕ್ರ ನಿಲ್ಲಲಿಲ್ಲ. ಬೇರೆ ಪ್ಯಾಡ್ ಕೊಡಿ ಎಂದರೆ ಇರಲಿಲ್ಲ. “ಪೂರ್ಣ ತಾಂತ್ರಿಕ ಬೆಂಬಲ” ಎಂದು ಅಚ್ಚು ಹಾಕಿಸಿದವರ ಪೆಟ್ಟಿಗೆಯಲ್ಲಿ ಒಂದು ಜೊತೆ ಬ್ರೇಕ್ ಪ್ಯಾಡ್ ಇರಲಿಲ್ಲ! ಮುಂದಿನ ಬ್ರೇಕ್ ಇದೆಯಲ್ಲ, ನಿಧಾನವಾಗಿ ಇಳಿಯಿರಿ ಎಂಬ ಸಲಹೆ ಮಾತ್ರ ಉಚಿತವಾಗಿ ಸಿಕ್ಕಿತು. ನಾನು ಇಳಿಯಲಿಲ್ಲ. ರಾವಣ ಜಲಪಾತವನ್ನೂ ವ್ಯಾನಿನಿಂದಲೇ ನೋಡಿದೆ.

ಗೈಡ್ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಸವಾರ, ಕೆರೆ ಏರಿಗಳ ಮೇಲಿನ ಒಳದಾರಿಗಳನ್ನೆಲ್ಲ ಬಲ್ಲವ, ಉಡವಲವೆಯ ಬಳಿ ಉಳಿದ ರಾತ್ರಿ ಬಾಯಿಬಿಟ್ಟು ಹೇಳಿದ: ದಿನಗೂಲಿ ತೀರಾ ಕಡಿಮೆ, ಅಂಗಡಿಗಳಿಂದ ಬರುವ ಪಾಲಿನಲ್ಲೇ ತಾನೂ ಚಾಲಕನೂ ಸಂಬಳ ಸರಿದೂಗಿಸಿಕೊಳ್ಳಬೇಕು, ಯಾವ ಅಂಗಡಿಗೆ ಎಷ್ಟು ಹೊತ್ತೆಂದು ಕಚೇರಿಯೇ ಬರೆದುಕೊಡುತ್ತದೆ. ಬೆಳಿಗ್ಗೆ ಆರಕ್ಕೆ ಹೊರಡಲು ಅವನಿಗೂ ಆಸೆಯಿತ್ತು. ನಮ್ಮಿಂದ ಸವಾರಿಯ ಬೆಲೆ ಪಡೆದು, ಅದನ್ನು ನಡೆಸುವವನಿಗೆ ಸಂಬಳ ಕೊಡದೆ, ಆ ಕೊರತೆಯನ್ನು ನಮ್ಮದೇ ಬೆಳಗಿನ ಹೊತ್ತಿನಿಂದ ತುಂಬಿಸಿಕೊಳ್ಳುವ ಲೆಕ್ಕಾಚಾರ ಇದು.

ಲೆಕ್ಕಾಚಾರ ಅಲ್ಲಿಗೂ ಮುಗಿದಿಲ್ಲ. ಸಿಗಿರಿಯಾದ ಬಂಡೆಕೋಟೆ, ಪೊಲೊನ್ನರುವಗಳಲ್ಲಿ ಭಾರತವೂ ಸೇರಿದಂತೆ ಸಾರ್ಕ್ ದೇಶಗಳ ಪ್ರಜೆಗಳಿಗೆ ಪಾಸ್‌ಪೋರ್ಟ್ ತೋರಿಸಿದರೆ ಇತರ ವಿದೇಶಿಯರಿಗಿಂತ ಕಡಿಮೆ ದರಕ್ಕೆ ಟಿಕೆಟ್ ಕೊಡುತ್ತಾರೆ. ನಮ್ಮೆಲ್ಲರ ಪಾಸ್‌ಪೋರ್ಟ್ ಸಂಗ್ರಹಿಸಿ ಕೌಂಟರಿನಲ್ಲಿ ತೋರಿಸಿ ತಂದದ್ದೂ ಆ ಕಡಿಮೆ ದರದ ಟಿಕೆಟ್ಟೇ. ನನ್ನ ಬಳಿ ಅದರ ಹರಿದ ತುಂಡಿದೆ. ಬಿಲ್ಲಿನಲ್ಲಿ ಹಿಡಿದದ್ದು ಪೂರ್ಣ ದರ.

ವಾಪಸು ಬಂದ ಮೇಲೆ ಇದನ್ನೆಲ್ಲ ಬರೆದು ಟಿಕೆಟ್ಟಿನ ಫೋಟೋ ಸಹಿತ ಕಳುಹಿಸಿದೆ. ಮೊದಲ ಉತ್ತರ: “ಹವಾಮಾನ ನಮ್ಮ ನಿಯಂತ್ರಣದಲ್ಲಿಲ್ಲ.” ಎರಡನೆಯದು: ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್, ಅದೂ ವರ್ಷದೊಳಗೆ ಬಳಸಬೇಕಂತೆ. ಟಿಕೆಟ್ಟಿನ ವಿಚಾರಕ್ಕೆ ಎರಡರಲ್ಲೂ ಒಂದಕ್ಷರವಿಲ್ಲ. ಕೂಪನ್ ಅವರೇ ಇಟ್ಟುಕೊಳ್ಳಲಿ. ಟಿಕೆಟ್ಟಿನ ಉಳಿಕೆ ಹಣವನ್ನು ಗುಂಪಿನ ಪ್ರತಿಯೊಬ್ಬರಿಗೂ ಹಿಂದಿರುಗಿಸಲಿ, ಆ ಏರು ರಸ್ತೆಯ ಚಿತ್ರವನ್ನು ಕರಪತ್ರದ ಮುಖಪುಟದಿಂದ ತೆಗೆಯಲಿ. ಇಲ್ಲವಾದರೆ ಬಿಲ್ಲು, ಟಿಕೆಟ್ಟು ಎರಡನ್ನೂ ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗುವುದೆಂದು ಗುಂಪಿನವರೆಲ್ಲ ಸಹಿ ಹಾಕಿದ್ದೇವೆ. ಕೊಡಗಿನ ದಂಪತಿ ಮೊದಲು ಸಹಿ ಮಾಡಿದವರು.